ಉಮಾಮಹೇಶ್ವರಿಯ ಉಪ್ಪಿಲ್ಲದ ಚಿತ್ರಾನ್ನ

ಕಾರ್ತಿಕ ಮಾಸ ಸಮೀಪಿಸಿತೆಂದರೆ ತುಮಕೂರಿನ ಸದಾಶಿವನಗರದ ಉಮಾಮಹೇಶ್ವರಿಗೆ ಮೈಯುರಿಯತೊಡಗುತ್ತಿತ್ತು. ಶಿವಭಕ್ತೆಯೊಬ್ಬಳ ವಿಷಯದಲ್ಲಿ ಇಂಥ ಮಾತು ಬರೆಯುವುದು ಉಚಿತವಲ್ಲವೆಂದು ಕೆಲವರಿಗೆ ತೋರಬಹುದು. ಆದರೆ ಇದ್ದುದನ್ನು ಇದ್ದಂತೆ ಹೇಳುವುದೂ ಒಂದು ಧರ್ಮವೇ. ಊರೆಲ್ಲ ದೀಪ ಹಚ್ಚುವ ಆ ಮಾಸದಲ್ಲಿ ಸೋಮವಾರ ಸೋಮವಾರಕ್ಕೆ ಒಪ್ಪೊತ್ತು ಮಾಡುತ್ತ, ಬೆಳಗು ಬೈಗು ಇಷ್ಟಲಿಂಗದ ಪೂಜೆ ತಪ್ಪಿಸದ ಈ ಹೆಣ್ಣುಮಗಳು, ಕೈಯೊಳಗಿನ ಮೊಬೈಲು ಸದ್ದು ಮಾಡಿದಾಗಲೆಲ್ಲ ಹಲ್ಲು ಕಚ್ಚಿಕೊಳ್ಳುತ್ತಿದ್ದಳು.

ಈ ವರ್ಷ ಆ ಸದ್ದು ಬಂದದ್ದು ಗುಬ್ಬಿಗೆ ಹೋಗುವ ಬೆಳಗಿನ ರೈಲಿನಲ್ಲಿ. ಗುಬ್ಬಿಯ ಬಳಿಯ ಹೈಸ್ಕೂಲೊಂದರಲ್ಲಿ ಆಕೆ ವಿಜ್ಞಾನದ ಶಿಕ್ಷಕಿ. ದಿನವೂ ತುಮಕೂರಿನಿಂದ ಹೋಗಿ ಬರುವ ಮೇಷ್ಟರುಗಳೂ ಗುಮಾಸ್ತರೂ ತುಂಬಿದ ಡಬ್ಬಿಯಲ್ಲಿ, ಕಿಟಕಿಯ ಪಕ್ಕ ಸೀಟು ಸಿಕ್ಕ ಅಪರೂಪದ ದಿನ ಅದು. ಮೊಬೈಲು ತೆರೆದಳು. ‘ಉಪ್ಪಿಲ್ಲದ ಬಳಗ’ ಎಂಬ ವಾಟ್ಸಾಪ್ ಗುಂಪಿನಲ್ಲಿ ಆಕೆಯ ಕಾಲೇಜು ಗೆಳೆಯ ಸಂಗಮೇಶ ಬರೆದಿದ್ದ: “ಫ್ರೆಂಡ್ಸ್, ಈ ಸಲಾನೂ ಭಾನುವಾರಾನೇ ಫಿಕ್ಸು. ಫ್ಯಾಮಿಲಿ ಎಲ್ಲಾ ಸೇರಿ ಜನ ಜಾಸ್ತಿ. ಉಮಾ, ದೊಡ್ಡ ಪಾತ್ರೇಲೇ ಮಾಡ್ಬುಡು. ಉಪ್ಪು ಮಾತ್ರ ಹಾಕ್ಬ್ಯಾಡ!”

ಪಕ್ಕದಲ್ಲಿದ್ದ ಸಹಶಿಕ್ಷಕಿ ಸುಮನಾ ಇಣುಕಿದಳು. “ಯಾಕ್ ಮೇಡಂ, ಹಂಗ್ ಉಸಿರು ಬಿಟ್ರಿ?”

“ಅಡುಗೆ ಆರ್ಡರ್ ಬಂತು.”

“ಅಯ್ಯೋ, ಕೇಟರಿಂಗ್ ಶುರು ಮಾಡಿದೀರಾ? ಹೇಳ್ಲೇ ಇಲ್ಲ!”

“ಇಪ್ಪತ್ತೈದು ವರ್ಷದ ಮೇಲಾಯ್ತು ಕಣಮ್ಮ ಶುರು ಮಾಡಿ. ಕೂಲಿ ಒಂದಿಲ್ಲ ಅಷ್ಟೇ.”

ಸುಮನಾ ನಕ್ಕಳು. ಉಮಾಮಹೇಶ್ವರಿ ನಗಲಿಲ್ಲ.

ಹಾಗಲವಾಡಿಯಲ್ಲಿ ಹುಟ್ಟಿದವಳು ಆಕೆ. ಬಾಗಿಲಿಗೆ ಬಂದವರು ಹಸಿದು ಹಿಂದಿರುಗಬಾರದೆಂಬುದೊಂದನ್ನು ಬಿಟ್ಟರೆ ಬೇರೆ ಕಟ್ಟಳೆಗಳೇ ಇಲ್ಲದ ಮನೆ. ತೆಂಗಿನ ತೋಟವೂ ರಾಗಿಯ ಹೊಲವೂ ಕೊಟ್ಟಷ್ಟರಲ್ಲಿ ಆ ಕಟ್ಟಳೆಯನ್ನು ನಡೆಸಿಕೊಂಡು ಬಂದವರು ತಾಯಿ ದೊಡ್ಡಗಂಗಮ್ಮ. ಬಿ.ಎಸ್ಸಿ. ಓದಲು ಮಗಳನ್ನು ತುಮಕೂರಿಗೆ ಕಳುಹಿಸಿದಾಗ ಬುತ್ತಿಯ ಜೊತೆಗೆ ಆಕೆ ಕಟ್ಟಿಕೊಟ್ಟದ್ದು ಅದೊಂದೇ ಬುದ್ಧಿ. ಉಮಾಮಹೇಶ್ವರಿ ಮತ್ತು ಸಹಪಾಠಿ ದೀಪಿಕಾ ಸೇರಿ ಒಂದು ಬಾಡಿಗೆಯ ಕೋಣೆ ಹಿಡಿದರು. ಪಂಪ್ ಸ್ಟವ್ ಒಂದು, ಪಾತ್ರೆ ಎರಡು. ಆ ಕೋಣೆಯ ಅನ್ನವನ್ನು ಹೆಚ್ಚು ತಿಂದವರು ಅದರ ಬಾಡಿಗೆದಾರರಲ್ಲ, ತರಗತಿಯ ಇಬ್ಬರು ಹುಡುಗರು: ಕುಣಿಗಲ್ಲಿನ ವ್ಯಾಪಾರಸ್ಥರ ಮಗ ಸಂಗಮೇಶ, ಮತ್ತು ಭೌತಶಾಸ್ತ್ರದ ಪತ್ರಿಕೆಯನ್ನು ಹಲವು ಸಲ ಬರೆದೂ ಗೆಲ್ಲಲಾರದ ಹನುಮಂತರಾಜು.

ಕೊನೆಯ ವರ್ಷದ ಕಾರ್ತಿಕದಲ್ಲಿ ಈ ನಾಲ್ವರೂ ಒಂದು ಸೋಮವಾರ ಯಡಿಯೂರಿಗೆ ಹೋಗಿ ಸಿದ್ಧಲಿಂಗೇಶ್ವರನ ದರ್ಶನ ಮಾಡಿ ಬರೋಣವೆಂದು ಹೊರಟರು. ದೀಪಿಕಾ ಎದ್ದದ್ದು ತಡವಾಯಿತು. ಬಸ್ಸಿನ ಹೊತ್ತು ಮೀರುತ್ತಿತ್ತು. ಆ ಗಡಿಬಿಡಿಯಲ್ಲಿ ಉಮಾಮಹೇಶ್ವರಿ ನಿಂಬೆಹಣ್ಣಿನ ಚಿತ್ರಾನ್ನ ಕಲಸಿ, ಬಾಳೆಲೆಯಲ್ಲಿ ಕಟ್ಟಿ, ಚೀಲಕ್ಕೆ ಹಾಕಿಕೊಂಡಳು. ಕುಣಿಗಲ್ಲಿಗೆ ಬಂದು ನೋಡಿದರೆ, ಯಡಿಯೂರಿನ ಕಡೆಗೆ ಹೋಗುವ ಬಸ್ಸುಗಳಲ್ಲಿ ಭಕ್ತರು ಬಾಗಿಲಿನಲ್ಲಿ ಜೋತುಬಿದ್ದಿದ್ದರು. ಒಂದೂ ನಿಲ್ಲಲಿಲ್ಲ. “ಕಾಲು ಯಾಕ್ ಕೊಟ್ಟವ್ನೆ ದೇವ್ರು? ನಡೀರಿ” ಎಂದ ಹನುಮಂತರಾಜು. ನಡೆದರು. ಬಿಸಿಲೇರಿತು. ಅರ್ಧ ದಾರಿ ಕಳೆದಮೇಲೆ ರಸ್ತೆಯ ಪಕ್ಕದ ಹುಣಿಸೆಮರದ ಬುಡದಲ್ಲಿ ಬುತ್ತಿ ಬಿಚ್ಚಿದರು. ಮೊದಲ ತುತ್ತನ್ನು ಬಾಯಿಗಿಟ್ಟ ಹನುಮಂತರಾಜು ಎರಡೂ ಕೈಯಿಂದ ಗಂಟಲು ಹಿಡಿದುಕೊಂಡು ಕೂಗಿದ:

“ಉಮಾ, ಉಪ್ಪೆಲ್ಲೇ?”

ಆಕೆಯೂ ಒಂದು ತುತ್ತು ತಿಂದು, ಮುಖ ಕೆಂಪಾಗಿ, ಸಣ್ಣ ದನಿಯಲ್ಲಿ, “ರೂಮಲ್ಲಿ” ಎಂದಳು.

ನಾಲ್ವರೂ ಬಿದ್ದು ಬಿದ್ದು ನಕ್ಕರು. ಹುಣಿಸೆಕಾಯಿಗೆ ಕಲ್ಲು ಹೊಡೆದು ಬೀಳಿಸಿ, ಅದನ್ನೇ ನಂಚಿಕೊಂಡು ಅಷ್ಟೂ ಅನ್ನವನ್ನು ತಿಂದರು. ಕ್ಷೇತ್ರ ಮುಟ್ಟಿದಾಗ ಬೆಳಗಿನ ಅಭಿಷೇಕ ಮುಗಿದಿತ್ತು. ಗದ್ದುಗೆಯ ಸುತ್ತಲ ಕಲ್ಲು ಒದ್ದೆಯಾಗಿತ್ತು, ಅಷ್ಟೆ. ಹೊರಗೆ ಮೆಟ್ಟಿಲ ಮೇಲೆ ಕುಳಿತು ದಣಿವಾರಿಸಿಕೊಳ್ಳುವಾಗ ಸಂಗಮೇಶನೇ ಅಂದದ್ದು: “ಮುಂದಿನ್ ವರ್ಷ ಇದೇ ಸೋಮವಾರ ಬರೋಣ ಕಣ್ರೋ. ಮೊದ್ಲು ಅಭಿಷೇಕ, ಆಮೇಲೆ ಊಟ. ನಾಕೂ ಜನ ಸಾಲಾಗಿ ಕೂತು ನೋಡ್ಬೇಕು.” ಉಳಿದ ಮೂವರೂ ಆ ಮಾತಿಗೆ ಕೈ ಕೂಡಿಸಿದರು. ಸನ್ನಿಧಿಯ ಮೆಟ್ಟಿಲ ಮೇಲೆ ನಾಲ್ಕು ಕೈ ಕೂಡಿ ಆಡಿದ ಆ ಮಾತನ್ನು ಉಮಾಮಹೇಶ್ವರಿ ಸಂಕಲ್ಪವೆಂದೇ ಬಗೆದಳು.

ಆ ವರ್ಷ ಹನುಮಂತರಾಜು ಭೌತಶಾಸ್ತ್ರದಲ್ಲಿ ಪಾಸಾದ. ಪಾಸಾದದ್ದು ಉಪ್ಪಿಲ್ಲದ ಚಿತ್ರಾನ್ನದಿಂದಲೇ ಎಂದು ಅವನು ಕಾಲೇಜಿನಲ್ಲೆಲ್ಲ ಸಾರಿದ. ಮರುವರ್ಷ ಮತ್ತೆ ಹೊರಟಾಗ, “ಉಮಾ, ಉಪ್ಪು ಹಾಕ್ಬ್ಯಾಡ ಕಣೇ, ನನಗೆ ಕೆಲಸ ಸಿಗ್ಬೇಕು” ಎಂದು ಅವನು ಗೋಗರೆದದ್ದೂ, ಆಕೆ ನಗುತ್ತ ಒಪ್ಪಿದ್ದೂ ಉಂಟು. ರೂಢಿಯೆಂಬುದು ಹುಟ್ಟುವಾಗ ನಗುತ್ತಲೇ ಹುಟ್ಟುತ್ತದೆ. ಹುಬ್ಬು ಗಂಟಿಕ್ಕುವುದು ಬೆಳೆದ ಮೇಲೆ. ಎರಡನೆಯ ವರ್ಷ ವಿನೋದ, ಮೂರನೆಯ ವರ್ಷ ವಾತ್ಸಲ್ಯ. ಮುಂದೆ ಒಂದು ವರ್ಷ ಉಮಾಮಹೇಶ್ವರಿ ಬಾಣಂತಿಯಾಗಿ ತವರಿನಲ್ಲಿದ್ದಳು. ಮಿಕ್ಕವರು ಹೋಟೆಲಿನಿಂದ ಚಿತ್ರಾನ್ನ ಕಟ್ಟಿಸಿಕೊಂಡು ಹೋಗಿ ಬಂದರು. ಅದೇ ತಿಂಗಳು ಹನುಮಂತರಾಜು ಬೈಕಿನಿಂದ ಬಿದ್ದು ಕಾಲು ಮುರಿದುಕೊಂಡ. ಅಲ್ಲಿಗೆ ವಿನೋದವೂ ವಾತ್ಸಲ್ಯವೂ ಹೋಗಿ ಭಯ ಬಂದು ಕುಳಿತಿತು. ಅಂದಿನಿಂದ ಚಿತ್ರಾನ್ನ ಆಕೆಯ ಕೈಯದೇ ಆಗಬೇಕು, ಉಪ್ಪಿಲ್ಲದ್ದೇ ಆಗಬೇಕು.

ಉಳಿದೆಲ್ಲವೂ ಬದಲಾಯಿತು. ದೀಪಿಕಾಳಿಗೆ ಬ್ಯಾಂಕಿನಲ್ಲಿ ಕೆಲಸವಾಗಿ ಸೋಮವಾರ ರಜೆ ಸಿಗದೆಂದಾಗ ಸೋಮವಾರ ಭಾನುವಾರವಾಯಿತು. ಸಂಗಮೇಶನ ಮಂಡಿ ನೋಯತೊಡಗಿದಾಗ ನಡಿಗೆ ಕಾರಾಯಿತು. ಹೆದ್ದಾರಿ ಅಗಲವಾದಾಗ ಹುಣಿಸೆಮರ ಉರುಳಿತು. ಈಗ ಅದೇ ಜಾಗದಲ್ಲಿ, ಸರ್ವಿಸ್ ರಸ್ತೆಯ ಅಂಚಿನಲ್ಲಿ, ಸೈಟುಗಳ ಜಾಹೀರಾತಿನ ಫಲಕವೊಂದರ ನೆರಳಿನಲ್ಲಿ ಜಮಖಾನ ಹಾಸುತ್ತಾರೆ. ಮದುವೆಗಳಾಗಿ ಗಂಡಂದಿರು ಹೆಂಡಿರು ಸೇರಿದರು. ಮಕ್ಕಳು ಬೆಳೆದು ತಮ್ಮ ಗೆಳೆಯರನ್ನೂ ಕರೆತಂದರು. ಸಂಗಮೇಶನ ಮಗಳು ಇಂಪನಾ ಎಲ್ಲರಿಗೂ ‘ಉಪ್ಪಿಲ್ಲದ ಬಳಗ’ ಎಂದು ಅಚ್ಚುಹಾಕಿಸಿದ ಹಳದಿ ಟೀಶರ್ಟು ಮಾಡಿಸಿದಳು. ಊಟಕ್ಕೆ ಮುನ್ನ ಹನುಮಂತರಾಜು ಗಂಟಲು ಹಿಡಿದು “ಉಮಾ, ಉಪ್ಪೆಲ್ಲೇ?” ಎನ್ನುವುದು, ಬಳಗವೆಲ್ಲ ಒಕ್ಕೊರಲಿನಿಂದ “ರೂಮಲ್ಲಿ!” ಎನ್ನುವುದು, ಅದನ್ನು ವಿಡಿಯೊ ಮಾಡುವುದು ವಿಧಿಯಾಯಿತು. ಆಮೇಲೆ ಪ್ರತಿಯೊಬ್ಬರೂ ಒಂದೊಂದು ಚಮಚ ತಿಂದು, ಕಾರು ಹತ್ತಿ, ಹೆದ್ದಾರಿಯ ಹೋಟೆಲಿಗೆ ಹೋಗಿ ಮಸಾಲೆದೋಸೆ ತಿನ್ನುತ್ತಿದ್ದರು. ಪಾತ್ರೆಯ ಅನ್ನವೆಲ್ಲ ಯಾರದೋ ಹಸುವಿಗೆ. ಪಾತ್ರೆ ತೊಳೆದು, ಡಿಕ್ಕಿಯಲ್ಲಿರಿಸಿ ಉಮಾಮಹೇಶ್ವರಿ ದೇವಸ್ಥಾನ ಸೇರುವ ವೇಳೆಗೆ ಮಿಕ್ಕವರು ದರ್ಶನ ಮುಗಿಸಿ, “ಬೇಗ ಬೇಗ ಕೈಮುಗಿದು ಬಾರೇ, ಬಿಸಿಲಾಯ್ತು” ಎಂದು ಅವಸರಿಸುತ್ತಿದ್ದರು.

ಯಾರ ಯಾರ ಅನುಕೂಲಕ್ಕೆ ಏನೇನು ಬದಲಾಗಬೇಕೋ ಅಷ್ಟೂ ಬದಲಾಗಿ, ಅನುಕೂಲವನ್ನೇ ಕೇಳದವಳ ಪಾಲಿನದೊಂದು ಮಾತ್ರ ಶಿಲಾಶಾಸನವಾಯಿತು. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎನ್ನುತ್ತದೆ ಲೋಕ. ಇವಳನ್ನು ನೆನೆಯುತ್ತಿದ್ದುದು ಉಪ್ಪಿಡದೆ ಹೋದುದಕ್ಕಾಗಿ. ಆದರೂ ಆಕೆಯ ಎದೆಯನ್ನು ಕೊರೆಯುತ್ತಿದ್ದುದು ಅಡುಗೆಯ ದುಡಿಮೆಯಲ್ಲ. ಮೆಟ್ಟಿಲ ಮೇಲೆ ಆಡಿದ ಮಾತು ಒಮ್ಮೆಯೂ ನಡೆದಿರಲಿಲ್ಲ. ನಡೆದು ಹೋಗುತ್ತಿದ್ದ ವರ್ಷಗಳಲ್ಲಿಯೂ ಕ್ಷೇತ್ರ ಮುಟ್ಟುವಷ್ಟರಲ್ಲಿ ಅದು ಮುಗಿದಿರುತ್ತಿತ್ತು; ಸೋಮವಾರದ ಮುಂಜಾನೆ ನಾಲ್ವರೂ ಸಾಲಾಗಿ ಕುಳಿತು ಅಭಿಷೇಕವನ್ನು ಒಂದು ವರ್ಷವೂ ನೋಡಿರಲಿಲ್ಲ. ಸಂಕಲ್ಪ ಮರೆತುಹೋಗಿ, ಪ್ರಮಾದವೊಂದೇ ಪೂಜೆಗೊಂಡಿತ್ತು.

ಆ ಶನಿವಾರ ಶಾಲೆ ಅರ್ಧ ದಿನ. ಉಮಾಮಹೇಶ್ವರಿ ಮನೆಗೂ ಹೋಗದೆ ಕುಣಿಗಲ್ಲಿನ ಬಸ್ಸು ಹತ್ತಿದಳು. ಫೋನಿನಲ್ಲಿ ಹೇಳಿದರೆ ನಗುತ್ತಾರೆ, ಗುಂಪಿನಲ್ಲಿ ಬರೆದರೆ ನಗುಮುಖದ ಚಿತ್ರ ಹಾಕುತ್ತಾರೆ. ಎದುರು ನಿಂತೇ ಹೇಳಬೇಕೆಂಬುದು ಆಕೆಯ ನಿಶ್ಚಯ. ಸಂಗಮೇಶ ಕುಣಿಗಲ್ಲಿನಲ್ಲಿ ಸಿಮೆಂಟು ಕಬ್ಬಿಣದ ಅಂಗಡಿ ಇಟ್ಟಿದ್ದ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತಿದ್ದವನು ಎದ್ದು ನಿಂತ.

“ಏನೇ ಉಮಾ, ಅಂಗಡಿ ತಂಕ ಬಂದ್ಬುಟ್ಟೆ! ಪಾತ್ರೆ ಸಾಲ್ದೇನೇ? ನಮ್ಮನೇದು ಕೊಡಿಸ್ಲಾ?”

“ಪಾತ್ರೆ ಮಾತು ಬ್ಯಾಡ ಕಣೋ. ಈ ಸಲ ನಾನು ಅಡುಗೆ ಮಾಡಲ್ಲ. ಸೋಮವಾರ ಹೋಗೋಣ. ಬೆಳಗ್ಗೆ ಅಭಿಷೇಕಕ್ಕೆ. ನಾವ್ ನಾಕೇ ಜನ.”

ಸಂಗಮೇಶ ಕುರ್ಚಿ ಎಳೆದು ಕೂರಿಸಿದ, ಕಾಫಿ ತರಿಸಿದ. “ಸೋಮವಾರ ನಂಗೆ ಲೋಡ್ ಬರ್ತದೆ ಕಣೇ. ದೀಪಿಕಾಗೆ ಬ್ಯಾಂಕು. ರಾಜು ಡ್ಯೂಟಿ. ಹೆಂಗಾಯ್ತದೆ ಹೇಳು?”

“ಒಂದು ದಿನ ರಜಾ ಹಾಕ್ರಿ. ನಾನು ಹಾಕಿಲ್ವಾ? ಹೆಡ್‌ಮೇಷ್ಟ್ರಿಗೆ ಆಗ್ಲೇ ಹೇಳಿದೀನಿ. ನೀನೇ ತಾನೇ ಅಂದದ್ದು, ಮೊದ್ಲು ಅಭಿಷೇಕ ಆಮೇಲೆ ಊಟ ಅಂತ?”

“ನಾನಾ? ಯಾವಾಗ?”

“ಮೊದಲ್ನೇ ಸಲ. ಮೆಟ್ಲ ಮೇಲೆ. ಕೈ ಮೇಲೆ ಕೈ ಇಟ್ಟಿದ್ವಿ.”

ಸಂಗಮೇಶ ಪ್ರಾಮಾಣಿಕವಾಗಿಯೇ ನೆನಪು ಮಾಡಿಕೊಳ್ಳಲು ಯತ್ನಿಸಿದ. ಹುಣಿಸೆಮರ ನೆನಪಿತ್ತು, ರಾಜು ಗಂಟಲು ಹಿಡಿದದ್ದು ನೆನಪಿತ್ತು, ಮೆಟ್ಟಿಲು ನೆನಪಿರಲಿಲ್ಲ. “ಅಂದಿದ್ರೂ ಅಂದಿರ್ಬೋದು ಬುಡು. ಆ ವಯಸ್ನಲ್ಲಿ ಏನೇನೋ ಅಂದಿರ್ತೀವಿ. ಆದ್ರೆ ನೋಡು, ಚಿತ್ರಾನ್ನ ತಪ್ಪಿಸ್ಬ್ಯಾಡ ಕಣೇ ಈ ವರ್ಷ. ಅದಾದ್ ವಾರಕ್ಕೇ ಇಂಪನಾನ ನೋಡಕ್ಕೆ ಗಂಡಿನ ಕಡೆಯೋರು ಬರ್ತಾವ್ರೆ. ಒಳ್ಳೆ ಜನ. ಏನೂ ಎಡವಟ್ಟಾಗ್ಬಾರ್ದು.”

“ಗಂಡಿನ ಕಡೆಯೋರಿಗೂ ನನ್ ಚಿತ್ರಾನ್ನಕ್ಕೂ ಏನೋ ಸಂಬಂಧ?”

“ಆವತ್ತು ರಾಜು ಕಾಲು ಮುರೀತಲ್ಲ!”

“ಅವನು ಕುಡ್ದು ಬೈಕ್ ಓಡಿಸಿ ಕಾಲು ಮುರ್ಕೊಂಡ. ಅದು ನಿನಗೂ ಗೊತ್ತು.”

“ಗೊತ್ತು ಕಣೇ. ಆದ್ರೂ...” ಎಂದು ಸಂಗಮೇಶ ಕಾಫಿಯ ಲೋಟವನ್ನು ಆಕೆಯ ಕಡೆಗೆ ಸರಿಸಿದ. “ನೋಡೋಣ ಬುಡು. ಸೋಮವಾರದ್ದು ಎಲ್ಲರನ್ನೂ ಕೇಳ್ತೀನಿ. ನೀನು ಬೇಜಾರ್ ಮಾಡ್ಕೋಬ್ಯಾಡ.”

ನೋಡೋಣ ಎಂಬ ಮಾತನ್ನು ಆಕೆ ನಂಬಿದಳು. ತುಮಕೂರಿನ ಬಸ್ಸಿನಲ್ಲಿ ದೀಪಿಕಾಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದಳು.

“ಒಳ್ಳೇದೇ ಅಲ್ವಾ ಉಮಾ” ಎಂದಳು ದೀಪಿಕಾ. “ಆದ್ರೆ ಮಕ್ಳು ಕಾಯ್ತಾ ಇರ್ತವೆ ಕಣೇ. ನನ್ ಮಗ ಅಂತೂ ಆ ವಿಡಿಯೋಗೆ ಅಂತ್ಲೇ ಬರ್ತಾನೆ. ನೀನ್ ಮಾಡೋ ಚಿತ್ರಾನ್ನ ಇಲ್ದೆ ಅದು ನಮ್ ಪ್ರೋಗ್ರಾಮೇ ಅಲ್ಲ.”

“ತಿಂತಾನೇನೇ ನಿನ್ ಮಗ?”

“ಅದನ್ನ ಯಾರೇ ತಿಂತಾರೆ, ಉಪ್ಪಿಲ್ದೇ ಇರೋದನ್ನ!” ಎಂದು ದೀಪಿಕಾ ನಕ್ಕು, ಯಾರೋ ಕರೆಯುತ್ತಿದ್ದಾರೆಂದು ಫೋನಿಟ್ಟಳು.

ಮನೆಗೆ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಮೊಬೈಲು ಸದ್ದು ಮಾಡಿತು. ಸಂಗಮೇಶ ಗುಂಪಿನಲ್ಲಿ ಬರೆದಿದ್ದ: “ಉಮಾ ಅಂಗಡಿಗೆ ಬಂದಿದ್ಲು. ಎಲ್ಲಾ ಮಾತಾಡಿದೀವಿ. ನಾಳೆ ಬಿಟ್ಟು ಬರೋ ಭಾನುವಾರ ಗ್ಯಾರಂಟಿ. ಚಿತ್ರಾನ್ನ ರೆಡಿ!” ಅದರ ಕೆಳಗೆ ಚಪ್ಪಾಳೆಗಳ ಸಾಲು.

ಗಂಡ ಮಹಾಲಿಂಗಯ್ಯ ಸೋಫಾದಲ್ಲಿ ಕುಳಿತು ಪತ್ರಿಕೆ ಓದುತ್ತಿದ್ದರು. ಪಾಪಭೀರು, ಹೆಂಡತಿಯ ಮೇಲೆ ಪ್ರೀತಿಯುಳ್ಳವರು, ಯಾವ ಸಮಸ್ಯೆಗಾದರೂ ಮೊದಲು ಹೊಳೆದ ಪರಿಹಾರವನ್ನು ಹೇಳಿ ಮತ್ತೆ ಪತ್ರಿಕೆಗೆ ಮರಳುವವರು.

“ಅಷ್ಟು ಆಸೆ ಇದ್ರೆ ಯಾವ್ದಾದ್ರೂ ಸೋಮವಾರ ನೀನೇ ಹೋಗ್ಬಾ. ನಾನೇ ಬೈಕಲ್ಲಿ ಕರ್ಕೊಂಡ್ ಹೋಗ್ತೀನಿ” ಎಂದರು.

“ಒಬ್ಳೇ ನೋಡೋದಾದ್ರೆ ಯಾವತ್ತೋ ನೋಡ್ಬೋದಿತ್ತು ಕಣ್ರೀ. ನಾಕೂ ಜನ ಅಂದಿದ್ವಿ.”

“ಅವರಿಗೆ ನೆನಪೇ ಇಲ್ವಲ್ಲೇ.”

“ಅದಕ್ಕೇ ನನಗೆ ಹೊಟ್ಟೆ ಉರಿಯೋದು” ಎಂದು ಆಕೆ ಒಳಗೆ ಹೋದಳು.

ಆ ವಾರವೆಲ್ಲ ಆಕೆ ಶಾಲೆಯಲ್ಲಿ ಮಕ್ಕಳ ಮೇಲೆ ರೇಗಿದಳು. ಹಾಗಲವಾಡಿಯಿಂದ ತಾಯಿ ಫೋನು ಮಾಡಿ, “ಮಗಾ, ಯಡಿಯೂರಿಗೆ ಹೋಯ್ತೀಯಂತೆ. ಈ ಸಲನಾದ್ರೂ ಅಭಿಷೇಕದ ತೀರ್ಥ ತತ್ತೀಯೇನವ್ವ?” ಎಂದು ಕೇಳಿದಾಗ ಆಕೆಗೆ ಅಳು ಬಂದಂತಾಯಿತು. ಅಡುಗೆಯನ್ನೇ ಮಾಡದೆ, ಮೊಬೈಲು ಬಂದುಮಾಡಿ ಮನೆಯಲ್ಲಿಯೇ ಇದ್ದುಬಿಡುವ ಯೋಚನೆ ಬಂತು. ಆದರೆ ದೊಡ್ಡಗಂಗಮ್ಮನ ಮಗಳು ಆಕೆ. ಅಷ್ಟು ಜನ ಊಟದ ಹೊತ್ತಿಗೆ ಬರಿಯ ಜಮಖಾನದ ಮೇಲೆ ಕುಳಿತಿರುವುದನ್ನು ಊಹಿಸಿಕೊಳ್ಳುವುದು ಆಕೆಯಿಂದಾಗಲಿಲ್ಲ. ಹೋಟೆಲಿನ ದೋಸೆಯ ನೆನಪೂ ಆ ಕ್ಷಣಕ್ಕೆ ಬರಲಿಲ್ಲ.

ಭಾನುವಾರ ನಸುಕಿನಲ್ಲೆದ್ದು ಅನ್ನ ಬಸಿದು ಹರವಿದಳು. ಕಡಲೆಬೀಜ ಹುರಿದಳು; ಒಗ್ಗರಣೆಗೆ ಸಾಸಿವೆ ಸಿಡಿಸಿ ಕರಿಬೇವು ಹಾಕಿದಳು; ನಿಂಬೆಯ ರಸ ಹಿಂಡಿದಳು. ಉಪ್ಪಿನ ಜಾಡಿ ಎದುರಿಗೇ ಇತ್ತು. ಆಕೆ ಅದನ್ನು ತೆರೆದದ್ದು ಯಾರನ್ನೂ ಕೆಣಕಬೇಕೆಂದಲ್ಲ. ಅನ್ನ ಪೂರ್ಣಬ್ರಹ್ಮ ಎಂದು ಕೇಳಿ ಬೆಳೆದವಳಿಗೆ, ಹಸುವಿನ ಪಾಲಾಗುವುದೆಂದು ತಿಳಿದೂ ತಿಳಿದೂ ಅನ್ನವನ್ನು ಕೆಡಿಸುವುದು ಇನ್ನು ಸಾಕೆನಿಸಿತ್ತು. ಮಾಡುವುದಾದರೆ ಉಣ್ಣುವಂತೆ ಮಾಡುತ್ತೇನೆ ಎಂದುಕೊಂಡು ಹದವಾಗಿ ಉಪ್ಪು ಬೆರೆಸಿ ಕಲಸಿದಳು. ಗಂಡನ ಕೈಗೆ ಒಂದು ತುತ್ತು ಕೊಟ್ಟಳು. “ಚೆನ್ನಾಗಿದೆಯಲ್ಲೇ!” ಎಂದು ಅವರು ಬೆರಗಾದರು. ತಾವು ಬರುವುದಿಲ್ಲವೆಂದು ಮೊದಲೇ ಹೇಳಿದ್ದರು. ಬಟ್ಟೆಯ ಚೀಲವೊಂದರಲ್ಲಿ ಒಂದು ಜೊತೆ ಸೀರೆ, ವಿಭೂತಿಯ ಕರಡಿಗೆಗಳನ್ನೂ ಇಟ್ಟುಕೊಂಡು, ರಾತ್ರಿ ಯಡಿಯೂರಿನಲ್ಲಿಯೇ ಉಳಿಯುವುದಾಗಿ ಗಂಡನಿಗೆ ತಿಳಿಸಿ, ದೀಪಿಕಾಳ ಕಾರು ಹತ್ತಿದಳು.

ಫಲಕದ ನೆರಳಿನಲ್ಲಿ ಹಳದಿಯ ಟೀಶರ್ಟುಗಳು ನೆರೆದಿದ್ದವು. ಪಾತ್ರೆಯ ಮುಚ್ಚಳ ತೆಗೆದದ್ದೇ ತಡ, ಮಕ್ಕಳು ಮೊಬೈಲು ಹಿಡಿದು ಸುತ್ತುವರಿದರು. ಹನುಮಂತರಾಜು, ಈಗ ತಲೆ ನರೆತ, ಹೊಟ್ಟೆ ಮುಂದೆ ಬಂದ ಹನುಮಂತರಾಜು, ನಡುವೆ ನಿಂತು ಒಂದು ತುತ್ತು ಬಾಯಿಗಿಟ್ಟ. ಅಗಿಯುವುದಕ್ಕೆ ಮುನ್ನವೇ ಗಂಟಲು ಹಿಡಿದುಕೊಂಡ.

“ಉಮಾ, ಉಪ್ಪೆಲ್ಲೇ?”

“ರೂಮಲ್ಲಿ!” ಎಂದು ಬಳಗ ಮೊಳಗಿತು. ಹೆದ್ದಾರಿಯ ಲಾರಿಯೊಂದು ಹಾರನ್ ಹೊಡೆದು ಹೋಯಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

ಉಮಾಮಹೇಶ್ವರಿ ಸೌಟು ಹಿಡಿದು ನಿಂತಿದ್ದಳು. “ಉಪ್ಪು ಅದ್ರಲ್ಲೇ ಐತೆ” ಎಂದಳು.

ಮತ್ತೂ ಜೋರಾಗಿ ನಕ್ಕರು. “ಹೊಸ ಡೈಲಾಗು! ಇನ್ನೊಂದ್ಸಲ ಹೇಳಿ ಆಂಟಿ, ಸರಿಯಾಗಿ ರೆಕಾರ್ಡ್ ಆಗ್ಲಿಲ್ಲ” ಎಂದಳು ಇಂಪನಾ.

“ಡೈಲಾಗಲ್ಲ ಕಣಮ್ಮ. ಉಪ್ಪು ಹಾಕಿದೀನಿ. ಬಾಯಲ್ಲಿಟ್ಕೊಂಡಿದೀಯಲ್ಲೋ ರಾಜು, ಅಗಿ. ನಾಲಿಗೆ ಇಲ್ವಾ ನಿನಗೆ?”

ಹನುಮಂತರಾಜು ಅಗಿದ. ಅವನ ಮುಖದ ಮೇಲಿದ್ದ ನಾಟಕ ಮೆಲ್ಲನೆ ಇಳಿಯಿತು. “ಹೂಂ ಕಣ್ರೋ. ಹಾಕವ್ಳೆ.”

ಸಂಗಮೇಶ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು, ಕಹಿಯಾದುದನ್ನು ತಿಂದವನಂತೆ ನೋಡಿದ. “ಏನೇ ಇದು ಉಮಾ? ಅಷ್ಟು ಬಾಯ್ಬಿಟ್ಟು ಹೇಳಿದ್ನಲ್ಲೇ, ಮಗಳ ವಿಷಯ ಐತೆ ಅಂತ! ಬೇಕಂತ್ಲೇ ಮಾಡಿದೀಯಾ?”

“ನಾನೂ ಬಾಯ್ಬಿಟ್ಟೇ ಹೇಳಿದ್ದೆ, ಸೋಮವಾರ ಅಂತ. ನೀನು ಏನ್ ಮಾಡ್ದೆ?”

“ಸೋಮವಾರ ಆಗಲ್ಲ ಅಂದ್ರೆ ಆಗಲ್ಲಮ್ಮ! ಎಲ್ಲರಿಗೂ ಸಂಸಾರ ಇಲ್ವಾ? ಇಷ್ಟು ವರ್ಷದ ಸಂಪ್ರದಾಯ, ಒಂದು ದಿನದ ಹಟಕ್ಕೆ ಕೆಡಿಸ್ತೀಯಲ್ಲ.”

“ಯಾವ ಸಂಪ್ರದಾಯನೋ?” ಆಕೆ ಸೌಟನ್ನು ಪಾತ್ರೆಗೆ ಹಾಕಿದಳು. “ನಡೀತಿದ್ವಿ, ನಡಿಗೆ ಬಿಟ್ರಿ. ಸೋಮವಾರ ಬಿಟ್ರಿ. ಮರ ಹೋಯ್ತು, ಸುಮ್ನಿದ್ರಿ. ದೇವರ ಮುಂದೆ ಆಡಿದ ಮಾತು ನೆನಪೇ ಇಲ್ಲ ಅಂದೆ ನೀನು. ನಾನು ಒಂದು ದಿನ ಉಪ್ಪು ಮರ್ತಿದ್ದು ಮಾತ್ರ ನಿಮಗೆಲ್ಲ ನೆನಪೈತೆ!”

ದೀಪಿಕಾ ಬಳಿಗೆ ಬಂದು ಹೆಗಲು ಮುಟ್ಟಿ, “ಮಕ್ಳ ಮುಂದೆ ಬ್ಯಾಡ ಕಣೇ. ಬಿಪಿ ಏನಾದ್ರೂ ಜಾಸ್ತಿ ಆಗಿದ್ಯಾ?” ಎಂದು ಪಿಸುಗುಟ್ಟಿದಳು. ಆ ಕನಿಕರ ಸಂಗಮೇಶನ ಸಿಟ್ಟಿಗಿಂತ ಹೆಚ್ಚಾಗಿ ಉಮಾಮಹೇಶ್ವರಿಯನ್ನು ಸುಟ್ಟಿತು.

ಇತ್ತ ಮಕ್ಕಳು ತಟ್ಟೆ ತುಂಬ ಬಡಿಸಿಕೊಂಡು ತಿನ್ನತೊಡಗಿದ್ದರು. ದೀಪಿಕಾಳ ಮಗ ಎರಡನೆಯ ಸಲಕ್ಕೆ ಬಂದ. “ಸೂಪರಾಗೈತೆ ಆಂಟಿ, ಇಷ್ಟು ವರ್ಷ ಯಾಕ್ ಹಿಂಗ್ ಮಾಡ್ಲಿಲ್ಲ?” ಎಂದು ಕೇಳಿದಳು ಇಂಪನಾ. ಹಿರಿಯರು ಮುಖ ಊದಿಸಿಕೊಂಡು ಕುಳಿತಿದ್ದಂತೆಯೇ ಕಿರಿಯರು ಪಾತ್ರೆಯ ತಳ ಕೆರೆದರು. ಅಂದು ಹಸುವಿಗೆ ಏನೂ ಉಳಿಯಲಿಲ್ಲ.

ಉಮಾಮಹೇಶ್ವರಿ ಪಾತ್ರೆಯನ್ನು ತೊಳೆಯಲಿಲ್ಲ. ಬಟ್ಟೆಯ ಚೀಲವನ್ನು ಹೆಗಲಿಗೇರಿಸಿ, ಸರ್ವಿಸ್ ರಸ್ತೆಯನ್ನು ಹಿಡಿದು ಯಡಿಯೂರಿನ ಕಡೆಗೆ ನಡೆಯತೊಡಗಿದಳು. ಸ್ವಲ್ಪ ದೂರ ಹೋಗುವಷ್ಟರಲ್ಲಿ ಹಿಂದಿನಿಂದ ಕಾರೊಂದು ಬಂದು ನಿಧಾನವಾಯಿತು. ಹನುಮಂತರಾಜು ಗಾಜಿಳಿಸಿದ.

“ಹತ್ತೇ ಉಮಾ. ಸಂಗಮೇಶನ ಮಾತು ತಲೇಗೆ ಹಾಕ್ಕೋಬ್ಯಾಡ. ಬಿಸ್ಲಲ್ಲಿ ಎಲ್ ನಡೀತೀಯ?”

“ಕಾಲು ಯಾಕ್ ಕೊಟ್ಟವ್ನೆ ದೇವ್ರು ಅಂತ ಕೇಳಿದ್ದೆ ನೀನು.”

“ಯಾವಾಗ?” ಎಂದ ಹನುಮಂತರಾಜು.

ಆಕೆ ಮುಂದೆ ನಡೆದಳು. ಕಾರು ತುಸು ಹೊತ್ತು ಜೊತೆಗೆ ತೆವಳಿ, ಹಿಂದಿನ ವಾಹನ ಹಾರನ್ ಹೊಡೆದ ಮೇಲೆ ಮುಂದೆ ಹೋಯಿತು. ದಾರಿಯುದ್ದಕ್ಕೂ ಆಕೆ ಸಂಗಮೇಶನೊಡನೆ ಮನಸ್ಸಿನಲ್ಲಿಯೇ ವಾದಿಸಿದಳು; ಪ್ರತಿಯೊಂದು ವಾದದಲ್ಲಿಯೂ ಗೆದ್ದಳು; ಗೆದ್ದು ಗೆದ್ದು ದಣಿದಳು. ಯಡಿಯೂರು ಮುಟ್ಟಿದಾಗ ಬಳಗದವರು ದರ್ಶನ ಮುಗಿಸಿ ಹೊರಟುಹೋಗಿದ್ದರು. ದಾಸೋಹದ ಪಂಕ್ತಿಯಲ್ಲಿ ಕುಳಿತು ಪ್ರಸಾದ ಸ್ವೀಕರಿಸಿ, ಯಾತ್ರಿಕರ ವಸತಿಯಲ್ಲಿ ಒಂದು ಕೋಣೆ ಪಡೆದು ಮಲಗಿದಳು.

ಸೋಮವಾರ ಬೆಳಕು ಹರಿಯುವ ಮೊದಲೇ ಮಿಂದು, ಹಣೆಗೆ ವಿಭೂತಿ ಧರಿಸಿ ದೇವಸ್ಥಾನದ ಮೆಟ್ಟಿಲ ಬಳಿಗೆ ಬಂದಳು. ಚಪ್ಪಲಿ ಬಿಡುತ್ತಿದ್ದಾಗ ಮೊಬೈಲು ಸದ್ದು ಮಾಡಿತು. ಮೂವರಲ್ಲಿ ಒಬ್ಬರಾದರೂ ಬರುತ್ತಿದ್ದೇನೆಂದು ಬರೆದಿರಬಹುದೆಂಬ ಹುಚ್ಚು ಆಸೆಯೊಂದು ಎದೆಯಲ್ಲಿ ಮಿಡಿಯದೆ ಇರಲಿಲ್ಲ. ಸಂಗಮೇಶ ಬರೆದಿದ್ದ: “ಎಲ್ಲರೂ ಡಿಸೈಡ್ ಮಾಡಿದೀವಿ. ಉಮಾಗೆ ಬೇಜಾರಾಗ್ಬಾರ್ದು. ಮಕ್ಳಿಗೂ ಇಷ್ಟ ಆಗೈತೆ. ಮುಂದಿನ್ ವರ್ಷದಿಂದ ಎರಡು ಪಾತ್ರೆ. ಒಂದು ಉಪ್ಪಿಂದು, ಒಂದು ಉಪ್ಪಿಲ್ದೇ ಇರೋದು. ಉಮಾ, ಓಕೆನಾ?” ಅದರ ಕೆಳಗೆ ದೀಪಿಕಾಳ ಹೃದಯದ ಚಿತ್ರವೂ, ಹನುಮಂತರಾಜುವಿನ ಚಪ್ಪಾಳೆಯೂ ಬಂದು ಕುಳಿತಿದ್ದವು.

ಉಮಾಮಹೇಶ್ವರಿ ಮೆಟ್ಟಿಲ ಮೇಲೆಯೇ ನಿಂತು ಉದ್ದವಾಗಿ ಬರೆಯಲಾರಂಭಿಸಿದಳು. ಮೊದಲ ದಿನದ ಮಾತು, ಬಾಣಂತನದ ವರ್ಷ, ತೊಳೆದ ಪಾತ್ರೆಗಳು, ತಾಯಿ ಕೇಳಿದ ತೀರ್ಥ, ಎಲ್ಲವನ್ನೂ ಬರೆದಳು. ಓದಿ ನೋಡಿದಳು. ಇದಕ್ಕೂ ಹೃದಯದ ಚಿತ್ರವೇ ಬರುತ್ತದೆಂದು ತಿಳಿಯಿತು. ಎಲ್ಲವನ್ನೂ ಅಳಿಸಿ, “ಇನ್ಮೇಲೆ ನಾನು ಅಡುಗೆ ಮಾಡಲ್ಲ. ಒಂದು ಪಾತ್ರೇನೂ ಇಲ್ಲ” ಎಂದಷ್ಟೇ ಬರೆದು ಕಳುಹಿಸಿದಳು. ಉತ್ತರಕ್ಕೆ ಕಾಯದೆ ಮೊಬೈಲನ್ನು ಬಂದುಮಾಡಿ ಚೀಲದ ತಳಕ್ಕೆ ಹಾಕಿದಳು.

ಒಳಗೆ ಅಭಿಷೇಕ ಆಗಲೇ ಮೊದಲಾಗಿತ್ತು. ಬೇರೆ ಬೇರೆ ಊರಿನಿಂದ ಬಂದ ಭಕ್ತರು ಮುಂದಿನ ಸಾಲುಗಳನ್ನು ತುಂಬಿದ್ದರು. ಆಕೆಗೆ ಸಿಕ್ಕದ್ದು ಕಂಬದ ಪಕ್ಕದ ಜಾಗ. ಬಾಗಿದರೆ ಗದ್ದುಗೆಯ ಒಂದು ಮಗ್ಗುಲು, ಅದರ ಮೇಲೆ ಇಳಿಯುವ ನೀರಿನ ಎಳೆ, ಅರ್ಚಕರ ಕೈ ಕಾಣುತ್ತಿದ್ದವು. ನೆಟ್ಟಗೆ ಕುಳಿತರೆ ಕಂಬ. ರುದ್ರದ ಘೋಷ ತಡೆಯಿಲ್ಲದೆ ಸಾಗಿತ್ತು. ಎಷ್ಟೋ ವರ್ಷಗಳ ಆಸೆ ಕಣ್ಣೆದುರಿಗೆ ನೆರವೇರುತ್ತಿತ್ತು. ಆಕೆ ಕಣ್ಣು ಮುಚ್ಚಿ ಪಂಚಾಕ್ಷರಿಯ ಜಪಕ್ಕೆ ತೊಡಗಿದಳು.

ಜಪ ನಿಲ್ಲಲಿಲ್ಲ, ಮನಸ್ಸು ನಿಲ್ಲಲೊಲ್ಲದು. ನಾಲ್ಕು ಉಚ್ಚಾರಕ್ಕೊಮ್ಮೆ ‘ಎರಡು ಪಾತ್ರೆ’ ಎಂಬುದು ಮೇಲೆದ್ದು ಬರುತ್ತಿತ್ತು. ಸಂಗಮೇಶ ಈಗ ಓದಿರುತ್ತಾನೆ. ದೀಪಿಕಾ ಬಿಪಿ ಎನ್ನುತ್ತಾಳೆ. ರಾಜು ಅದನ್ನೂ ನಗೆಯಾಡುತ್ತಾನೆ. ಪಕ್ಕದಲ್ಲಿ ಎರಡು ಆಳು ಕೂರುವಷ್ಟು ಜಾಗ ಇನ್ನೂ ತೆರವಾಗಿತ್ತು. ಅದನ್ನು ಕಂಡು ಆಕೆಗೆ ಮತ್ತೆ ಸಿಟ್ಟು ಬಂತು. ಸನ್ನಿಧಿಯಲ್ಲಿ ಕುಳಿತು ಸಿಟ್ಟಾಗುತ್ತಿರುವುದಕ್ಕೆ ತನ್ನ ಮೇಲೆಯೇ ಇನ್ನಷ್ಟು ಸಿಟ್ಟು ಬಂತು. ಹಾಸನದ ಕಡೆಯವಳೆಂದು ತೋರುವ ಮುದುಕಿಯೊಬ್ಬಳು ಬಂದು, “ಇಲ್ಲಿ ಯಾರಾದ್ರೂ ಬರ್ತಾರೇನವ್ವ?” ಎಂದು ಆ ಜಾಗವನ್ನು ತೋರಿಸಿ ಕೇಳಿದಳು.

“ಇಲ್ಲ, ಕೂತ್ಕೊಳಿ” ಎಂದಳು ಉಮಾಮಹೇಶ್ವರಿ.

ಮುದುಕಿ ಉಸ್ಸೆಂದು ಕುಳಿತು ಕೈಮುಗಿದಳು. ಉಮಾಮಹೇಶ್ವರಿ ತುಸು ಸರಿದು, ಗದ್ದುಗೆ ಕಾಣುವಂತೆ ಬಾಗಿ, ಜಪವನ್ನು ಮತ್ತೆ ಮೊದಲಿನಿಂದ ಆರಂಭಿಸಿದಳು.